ಅರ್ಧ ಹೆಬ್ಬೆರಳಿನ ಗುರುತು

ಬೆನ್ನು ತೋರಿಸಲು ಮೊದಲ ಸಲ ಬಂದವನು ಸಾಮಾನ್ಯವಾಗಿ ಹೊಸ್ತಿಲ ಮೇಲೆಯೇ ನಿಂತು ಒಂದು ಮಾತು ಕೇಳುತ್ತಾನೆ: "ಭಾಳ ನೋಯ್ತದೇನ್ರಿ?" ಇಲ್ಲ ಎಂದರೆ ನಂಬುವುದಿಲ್ಲ, ಹೌದು ಎಂದರೆ ಚಪ್ಪಲಿ ಹುಡುಕುತ್ತಾನೆ. ಅದಕ್ಕೇ ನಾನು ಉದ್ಯೋಗ ಮಾಡಿದಷ್ಟು ಕಾಲ ಆ ಪ್ರಶ್ನೆಗೆ "ಮೊದಲ ಕೂಡ್ರಿ" ಎಂದಷ್ಟೇ ಹೇಳುತ್ತ ಬಂದೆ. ಈಗ ಕೈ ನಡುಗುತ್ತದೆ, ಬೆನ್ನು ಮುಟ್ಟುವುದನ್ನು ಬಿಟ್ಟಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿದ ಬಿಳಿ ಕೋಟಿನ ಮಕ್ಕಳು ಆಗೀಗ ಮನೆಗೆ ಬಂದು, "ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ ಅಜ್ಜಾ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ. ಗುಟ್ಟಿನ ಒತ್ತು ಏನಾದರೂ ಸಿಕ್ಕೀತೆಂದು ಆಸೆ ಇಟ್ಟುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಒತ್ತಿನಲ್ಲಿ ಗುಟ್ಟೇನೂ ಇಲ್ಲ, ಇದ್ದದ್ದೆಲ್ಲ ಒತ್ತುವವರಲ್ಲಿ.

ನಾನು ಕಲಿತದ್ದು ಕಲಬುರಗಿಯ ಕೋಟೆಯ ಹತ್ತಿರದ ಒಂದು ತಾಲೀಮಿನಲ್ಲಿ. ತಾಲೀಮು ಎಂದರೆ ಕುಸ್ತಿ ಕಲಿಸುವ ಮನೆ. ಒಳಗೆ ಕೆಂಪು ಮಣ್ಣಿನ ಅಖಾಡ, ಹೊರಗೆ ಬೆನ್ನು, ಸೊಂಟ, ಕೀಲು ತಿದ್ದುವ ಕೋಣೆ. ಎರಡಕ್ಕೂ ಒಬ್ಬರೇ ಯಜಮಾನರು, ಮಹಬೂಬಸಾಬ್ ಉಸ್ತಾದರು. ಆಗ ನಿಜಾಮರ ರಾಜ್ಯ. ದಫ್ತರವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಉಸ್ತಾದರು ಮನೆಯಲ್ಲಿ ದಖ್ಖನಿ, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡನ್ನೂ ಕೂಡಿಸಿ ಮಾತಾಡುತ್ತಿದ್ದರು.

ಹೊಸ ರೋಗಿಗೆ ಅವರ ಕಾನೂನು ಬೇರೆಯೇ ಇತ್ತು. ಬಾಗಿಲಿನಿಂದ ಚಾಪೆಯವರೆಗೆ ಅವನು ನಡೆದು ಬರುವುದನ್ನು ಸುಮ್ಮನೆ ನೋಡಬೇಕು. ಎಲ್ಲಿ ನೋವು ಎಂದು ಕೇಳಬಾರದು. ಗೋಡೆಗೆ ಮುಖ ಮಾಡಿ ಕೂಡಿಸಬೇಕು, ಹೆಸರು ಕೇಳಬಾರದು, ಯಾರ ಮನೆಯವನು ಎಂದಂತೂ ಕೇಳಲೇಬಾರದು. "ಹೆಸರ ಕೇಳಿದ್ರ ಕೈ ಹೆದರ್ತದ ಶರಣ್ಯಾ," ಎನ್ನುತ್ತಿದ್ದರು; ಶರಣಪ್ಪ ಎಂಬ ನನ್ನ ಹೆಸರು ಅವರ ಬಾಯಲ್ಲಿ ಹಾಗಾಗಿತ್ತು. "ಜಾಗೀರದಾರ ಅಂದ್ರ ಹಗರ ಒತ್ತತೀದಿ, ಹಮಾಲ ಅಂದ್ರ ಜೋರ ಒತ್ತತೀದಿ. ಎಲುಬಿಗಿ ಅದೆಲ್ಲಾ ಗೊತ್ತಿಲ್ಲ." ಆ ಒಂದೇ ಚಾಪೆಯ ಮೇಲೆ ಎಲ್ಲರೂ ಕೂಡುತ್ತಿದ್ದರು. ಹೊರಗೆ ಒಬ್ಬರ ನೆರಳು ಒಬ್ಬರಿಗೆ ಆಗದವರು ಕೂಡ.

ಹೆಸರು ಕೇಳದಿದ್ದರೂ ಬೆನ್ನು ನೋಡಿ ಉದ್ಯೋಗ ತಿಳಿಯುತ್ತಿತ್ತು. ದರ್ಜಿಯ ಕತ್ತು ಮುಂದೆ, ಹಮಾಲನ ಒಂದು ಭುಜ ಕೆಳಗೆ. ಉರ್ದು ದಫ್ತರದ ಗುಮಾಸ್ತರು ಬಲದಿಂದ ಎಡಕ್ಕೆ ಬರೆದು ಬರೆದು ಒಂದು ಕಡೆ ವಾಲಿರುತ್ತಿದ್ದರು. ಮುಂದೆ ರಾಜ್ಯ ಬದಲಾಗಿ ದಫ್ತರದ ಭಾಷೆಯೂ ಬದಲಾಗತೊಡಗಿದಾಗ ಅದೇ ಗುಮಾಸ್ತರು ಇನ್ನೊಂದು ಕಡೆ ಕತ್ತು ಹಿಡಿಸಿಕೊಂಡು ಬಂದರು. ಹುಕೂಮತ್ತು ಬದಲಾದದ್ದು ನನಗೆ ಮೊದಲು ಗೊತ್ತಾದದ್ದು ಕಚೇರಿಯಲ್ಲಲ್ಲ, ಅವರ ಕತ್ತಿನಲ್ಲಿ.

ಮುಟ್ಟಬಾರದ್ದನ್ನೂ ಉಸ್ತಾದರೇ ಕಲಿಸಿದರು. ಒಮ್ಮೆ ಒಬ್ಬ ಮುದುಕಿಯನ್ನು ಹೊರಸಿನ ಮೇಲೆ ಹೊತ್ತು ತಂದರು. ನಾನು ಎಣ್ಣೆ ಬಟ್ಟಲು ಹಿಡಿದು ತಯಾರಾದೆ. ಉಸ್ತಾದರು ಆಕೆಯ ಪಾದ ಹೊರಳಿದ್ದನ್ನು ನೋಡಿದವರೇ ಕೈ ಹಿಂದೆ ಕಟ್ಟಿಕೊಂಡರು. "ಮುರದದ. ದವಾಖಾನಿಗಿ ಒಯ್ರಿ," ಎಂದರು. ಮಕ್ಕಳು ಬೇಡಿಕೊಂಡರು, ಕಾಲು ಹಿಡಿದರು. ಇವರು ಕೈ ಬಿಚ್ಚಲಿಲ್ಲ. ನಿಮಗೆ ಈಗ ಎಕ್ಸ್-ರೇ ಇದೆ, ಮೊದಲು ಅದನ್ನು ನೋಡಿಯೇ ಕೈ ಹಚ್ಚಿರಿ. ನಾನೂ ಕಡೆಕಡೆಗೆ ಹಾಗೆಯೇ ಮಾಡುತ್ತಿದ್ದೆ.

ಹೆಂಗಸರಿಗೆ ಪರದೆಯ ಆ ಕಡೆ ಜಾಗ. ಅಲ್ಲಿ ಕೈ ಉಸ್ತಾದರ ಹೆಂಡತಿ ಖಾಜಾಬಿಯವರದು, ಮಾತು ಉಸ್ತಾದರದು. ಬೆನ್ನೆಲುಬಿನ ಗಂಟಿಗೆ ನಾವು ಮಣಿ ಎನ್ನುತ್ತಿದ್ದೆವು. ಇವರು ಈ ಕಡೆಯಿಂದ "ಎರಡನೇ ಮಣಿ, ಕೆಳಗ, ಸಾವಕಾಶ," ಎಂದು ಹೇಳುತ್ತಿದ್ದರು. ಆಕೆ ಆ ಕಡೆ ಹುಡುಕಿ, "ಹಾಂ, ಸಿಕ್ತು," ಎನ್ನುತ್ತಿದ್ದರು. ನಾನು ಅವರನ್ನು ಅಮ್ಮಾ ಎಂದು ಕರೆಯುತ್ತಿದ್ದೆ. ಮಕ್ಕಳಿಲ್ಲದ ಮನೆ ಅದು, ನನಗೆ ಊಟ ಅಲ್ಲಿಯೇ.

ಉಸ್ತಾದರ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಹರೆಯದಲ್ಲಿ ಹತ್ತಿ ಗಿರಣಿಯ ಕೆಲಸಕ್ಕೆ ಹೋದಾಗ ಗಾಲಿಗೆ ಸಿಕ್ಕಿ ಹೋದದ್ದು. ಅವರು ಒತ್ತಿದ ಮರುದಿನ ಬೆನ್ನ ಮೇಲೆ ಗುರುತು ನೀಲಿಗಟ್ಟುತ್ತಿತ್ತು: ನಾಲ್ಕು ಬೆರಳಿನ ದುಂಡು ಕಲೆ, ಪಕ್ಕದಲ್ಲಿ ಹೆಬ್ಬೆರಳಿನದು ಗಿಡ್ಡ, ಅಗಲ. ಅಖಾಡದಲ್ಲಿ ಬರಿಮೈಯಲ್ಲಿ ಕುಸ್ತಿ ಆಡುವ ಪೈಲವಾನರ ಬೆನ್ನ ಮೇಲೆ ನಾನು ಅದನ್ನು ದಿನಾ ನೋಡುತ್ತಿದ್ದೆ. ಅವರ ಬೆನ್ನು ಉಸ್ತಾದರೇ ಒತ್ತುತ್ತಿದ್ದರು, ನನಗೆ ಬಿಡುತ್ತಿರಲಿಲ್ಲ. ನನ್ನ ಪಾಲಿಗೆ ಬರುತ್ತಿದ್ದವರು ಪರ ಊರಿನವರು. ಗುರುತು ಮೂಡುವ ಹೊತ್ತಿಗೆ ಅವರು ತಮ್ಮ ಊರಿನಲ್ಲಿರುತ್ತಿದ್ದರು.

ನಿಜಾಮರ ರಾಜ್ಯವನ್ನು ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆಯ ಮುಂಚಿನ ದಿನಗಳು ಹೇಗಿದ್ದವು ಎಂದು ಬಹಳ ಜನ ಬರೆದಿದ್ದಾರೆ. ನಾನು ಕಂಡದ್ದು ಇಷ್ಟು: ಜನರ ಬೆನ್ನು ಕಟ್ಟಿಗೆಯಾಗಿತ್ತು. ಕೈ ಇಟ್ಟರೆ ಸಾಕು ಬೆಚ್ಚುತ್ತಿದ್ದರು. ಅಂಥ ಹೊತ್ತಿನಲ್ಲಿ ಕಮಲಾಪುರದಿಂದ ಕರೆ ಬಂತು. ಅಲ್ಲಿ ಒಬ್ಬ ರೈತ ಬಾವಿಯ ಮೆಟ್ಟಿಲಿನಿಂದ ಜಾರಿ ಸೊಂಟ ಹಿಡಿಸಿಕೊಂಡಿದ್ದ. ಹೋಗಬೇಡಿ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತರು. "ಅಂವ ನೆಲದ ಮ್ಯಾಲ ಬಿದ್ದಾನ, ನಾ ಇಲ್ಲಿ ಕೂತು ಏನ ಮಾಡ್ಲಿ?" ಎಂದು ಉಸ್ತಾದರು ಹೊರಟುಬಿಟ್ಟರು. ಅವರು ಕಮಲಾಪುರ ಮುಟ್ಟಿದ್ದು, ರೈತನನ್ನು ಎಬ್ಬಿಸಿ ಕೂಡಿಸಿದ್ದು ಆಮೇಲೆ ತಿಳಿಯಿತು. ತಿರುಗಿ ಹೊರಟ ದಾರಿಯಲ್ಲಿ ಏನಾಯಿತೆಂದು ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಫೌಜು ಬಂತು, ರಾಜ್ಯ ಹೋಯಿತು, ಊರೂರಿನಲ್ಲಿ ಎಷ್ಟೋ ಮನೆಗಳು ಖಾಲಿಯಾದವು. ಉಸ್ತಾದರು ಬರಲಿಲ್ಲ.

ಹೆಣ ಸಿಗಲಿಲ್ಲ. ಬಾವಿಯಲ್ಲಿದ್ದಾರೆ ಎಂದರು ಕೆಲವರು, ಹೈದರಾಬಾದಿಗೆ ದಾಟಿದ್ದಾರೆ ಎಂದರು ಕೆಲವರು. ಅಮ್ಮ ಬಳೆ ಒಡೆಯಲಿಲ್ಲ, ಅಳಲೂ ಇಲ್ಲ. ತಾಲೀಮು ಮುಚ್ಚಿತು, ಅಖಾಡದಲ್ಲಿ ಹುಲ್ಲು ಎದ್ದಿತು. ನಾನು ಹೊರಕೋಣೆಯಲ್ಲಿ ಪರ ಊರಿನಿಂದ ಬಂದ ಗಂಡಸರನ್ನು, ಅಮ್ಮ ಪರದೆಯ ಆಚೆ ಹೆಂಗಸರನ್ನು ನೋಡುತ್ತ ದಿನ ನೂಕಿದೆವು. ಹಳೆಯ ರೂಢಿಯಂತೆ ಈಗ ಆ ಕಡೆಯಿಂದ ಅವರು, ಈ ಕಡೆಯಿಂದ ನಾನು. ನಡುವೆ ಹೇಳುವವರ ದನಿ ಮಾತ್ರ ಇರಲಿಲ್ಲ.

ಒಂದು ದಿನ ಹೈದರಾಬಾದಿನಿಂದ ಅಮ್ಮನ ತಮ್ಮ ಬಂದ. ಒಳ್ಳೆಯ ಮನುಷ್ಯ. "ಆಪಾ, ಇಲ್ಲಿ ಯಾರದಾರ ನಿಂಗ? ನಡಿ ನಮ್ಮ ಮನಿಗಿ," ಎಂದ. ಅಮ್ಮ ಕೇಳಿದ್ದು ಒಂದೇ: "ಅವರು ಸತ್ತದ್ದು ಕಂಡವರು ಯಾರು? ನಾ ಹೋದ ಮ್ಯಾಲ ಅವರು ಬಂದು ಬಾಗಲ ಬಡದ್ರ ತಗಿಯೋರು ಯಾರು?" ಬರುವ ಶುಕ್ರವಾರದ ಜುಮ್ಮಾದ ಮರುದಿನ ಹೊರಡಲೇಬೇಕು, ರಜೆ ಮುಗಿಯುತ್ತದೆ ಎಂದಷ್ಟೇ ಅವನು ಹೇಳಿದ.

ಅದೇ ವಾರ ಕಮಲಾಪುರದ ಬಂಡಿಯವನೊಬ್ಬ ಬಂದ. ಅವನ ಅಂಗಿ ಎತ್ತಿದೆ. ಅವನ ಸೊಂಟದ ಮೇಲೆ ನಾಲ್ಕು ದುಂಡು ಕಲೆ, ಪಕ್ಕದಲ್ಲಿ ಗಿಡ್ಡ ಹೆಬ್ಬೆರಳಿನ ಅಗಲ ಗುರುತು ಇತ್ತು.

"ಯಾರಿಗಿ ತೋರ್ಸಿದ್ದಿ?" ಎಂದೆ.

"ಯಾರಿಗೂ ಇಲ್ಲರಿ," ಎಂದು ಅಂಗಿ ಕೆಳಗೆ ಎಳೆದುಕೊಂಡ.

ಎರಡು ದಿನ ಬಿಟ್ಟು ಅದೇ ಊರಿನ ಕಿರಾಣಿ ಅಂಗಡಿಯವನು. ಅವನ ಭುಜದ ಕೆಳಗೆ ಅದೇ ಗುರುತು. ಅವನೂ ಯಾರಿಗೂ ತೋರಿಸಿರಲಿಲ್ಲವಂತೆ. ಬಿದ್ದೆಯಾ ಎಂದರೆ ಇಲ್ಲ, ಯಾರಾದರೂ ಹೊಡೆದರೇ ಎಂದರೆ ಇಲ್ಲ. ಕಡೆಗೆ, "ಗಾಳಿ ಹಿಡದಿತ್ತೋ ಏನೋ," ಎಂದು ಗೋಡೆಗೆ ಹೇಳಿದ. ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಸುರಿಯುತ್ತಿತ್ತು, ನಾನು ಒಳಗೆ ಚಳಿ ಹತ್ತಿದವನ ಹಾಗೆ ಕೂತಿದ್ದೆ.

ಪರದೆಯ ಆಚೆ ಅಮ್ಮನಿಗೆ ನನ್ನ ಕೈ ನಿಂತದ್ದು ಕೇಳಿಸಿತು. ಎಣ್ಣೆ ಹಚ್ಚುವ ಸದ್ದು ನಿಂತರೆ ಅವರಿಗೆ ತಿಳಿಯುತ್ತಿತ್ತು.

"ಏನ್ ಕಂಡಿ ಶರಣಪ್ಪಾ?"

"ಗುರುತು, ಅಮ್ಮಾ."

"ಯಾರದು?"

ಹೇಳಬೇಕಾಗಿರಲಿಲ್ಲ. ಅವರೇ, "ಕೈ ಇಟ್ಟು ನೋಡು. ಬಿಸಿ ಅದನೊ, ತಣ್ಣಗದನೊ?" ಎಂದರು.

ಇಟ್ಟು ನೋಡಿದೆ. ಬಿಸಿಯಿತ್ತು. ನಿನ್ನೆಯೋ ಮೊನ್ನೆಯೋ ಒತ್ತಿದ್ದು. ಬಿಸಿ ಎಂದೆ. ಪರದೆಯ ಆಚೆ ಬಳೆ ಸದ್ದಾಯಿತು. ಉಸ್ತಾದರ ಕೈ ಕಮಲಾಪುರದಲ್ಲಿ ಬದುಕಿದೆ ಎಂದು ನಾವಿಬ್ಬರೂ ಆ ಕ್ಷಣಕ್ಕೆ ನಂಬಿದೆವು. ಬೇರೆ ಯಾರಾದರೂ ಆಗಿದ್ದರೆ ನೀಲಿ ಕಲೆ ನೋಡಿ ಇಷ್ಟು ದೂರ ಯೋಚಿಸುತ್ತಿರಲಿಲ್ಲ. ನಮ್ಮ ಉದ್ಯೋಗದವರಿಗೆ ಅದು ಮುಖ ಕಂಡಷ್ಟೇ ಖಾತ್ರಿ.

"ಹೋಗಿ ನೋಡ್ಕೊಂಡು ಬಾ ಬೇಟಾ," ಎಂದರು ಅಮ್ಮ. "ಅವರು ಇದ್ರ ನಾ ಇಲ್ಲೇ ಇರ್ತೀನಿ. ಇಲ್ಲಂದ್ರ ತಮ್ಮನ ಕೂಡ ಹೋಗ್ತೀನಿ. ಸುಳ್ಳ ಮಾತ್ರ ಹೇಳಬ್ಯಾಡ."

ಕಮಲಾಪುರದಲ್ಲಿ ನಾನು ಯಾರನ್ನು ಕೇಳಿದರೂ ಮುಖ ತಿರುಗಿಸಿದರು. ಬಂಡಿಯವನು ನನ್ನನ್ನು ನೋಡಿ ಎತ್ತುಗಳನ್ನು ಬೇರೆ ಓಣಿಗೆ ಹೊಡೆದ. ಅಂಗಡಿಯವನು ತೂಕ ಹಾಕುವುದರಲ್ಲಿ ಮುಳುಗಿದ. ಉಸ್ತಾದರ ಹೆಸರು ಎತ್ತಿದರಂತೂ ಮಾತಾಡುತ್ತಿದ್ದವರು ಕೂಡ ಬಾಯಿ ಮುಚ್ಚುತ್ತಿದ್ದರು. ಕಡೆಗೆ ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕರು ನನ್ನ ಕೈಯ ಎಣ್ಣೆ ವಾಸನೆ ಹಿಡಿದರೋ ಏನೋ, "ಬೆನ್ನ ನೋಯ್ತದೇನು?" ಎಂದು ಕೇಳಿದರು. ಹೌದು ಎಂದೆ.

"ಹೊತ್ತ ಮುಣಗೂ ಮುಂದ ಕೆಂಪು ಬಾಳಿ ತೋಟಕ್ಕ ಹೋಗು. ಗುಡಸಲದ ಮುಂದೊಂದು ಕಲ್ಲದ. ಗುಡಸಲಕ್ಕ ಬೆನ್ನ ಮಾಡಿ ಕೂಡು. ಹೊಳ್ಳಿ ನೋಡಬ್ಯಾಡ. ಯಾರಂತ ಕೇಳಬ್ಯಾಡ. ಮುಗದ ಮ್ಯಾಲ ಎದ್ದು ನೆಟ್ಟಗ ಬಂದುಬಿಡು."

ಎಷ್ಟೋ ಜನರನ್ನು ಗೋಡೆಗೆ ಮುಖ ಮಾಡಿ ಕೂಡಿಸಿದ ನನಗೆ ಅಂದು ಮೊದಲ ಸಲದ ರೋಗಿಯ ಪಾಡು ತಿಳಿಯಿತು. ಬಾಳೆ ದಟ್ಟವಾಗಿ ಬೆಳೆದಿತ್ತು, ಒಳಗೆ ಬೆಳಕು ಆಗಲೇ ಮಾಸಿತ್ತು. ಗಾಳಿ ಇಲ್ಲದಿದ್ದರೂ ಎಲ್ಲೋ ಒಂದು ಎಲೆ ಪಟಪಟ ಎನ್ನುತ್ತಿತ್ತು. ಕಲ್ಲು ಜನ ಕೂತು ಕೂತು ನುಣ್ಣಗಾಗಿತ್ತು. ಅಂಗಿ ತೆಗೆದು ಕೂತೆ. ಹಿಂದೆ ಯಾರೂ ಇದ್ದಂತಿರಲಿಲ್ಲ. ಆಮೇಲೆ ಎಳ್ಳೆಣ್ಣೆಯ ವಾಸನೆ ಬಂತು.

ಕೈ ಬಂತು. ಮೊದಲು ನಡುಬೆರಳಿನಿಂದ ಎರಡು ಸಲ ತಟ್ಟಿತು, ಬಾಗಿಲು ತಟ್ಟುವ ಹಾಗೆ. ಅದು ಉಸ್ತಾದರ ರೂಢಿ. ಆಮೇಲೆ ಕತ್ತಿನಿಂದ ಮಣಿ ಮಣಿ ಇಳಿಯಿತು, ಸೊಂಟದ ಮೇಲೆ ನಿಂತಿತು, ನಾನು ಉಸಿರು ಬಿಡುವುದನ್ನು ಕಾಯಿತು. ಅದೂ ಅವರದೇ. ಉಸಿರು ಬಿಟ್ಟೆ. ಗಿಡ್ಡ ಹೆಬ್ಬೆರಳು ಒಳಗೆ ಇಳಿಯಿತು, ಬೆನ್ನು ಲಟ್ ಎಂದಿತು. ಉಸ್ತಾದರು ನನ್ನ ಬೆನ್ನನ್ನು ಎಂದೂ ಒತ್ತಿದವರಲ್ಲ. ಸತ್ತವರೆಂದು ಊರೆಲ್ಲ ಹೇಳಿದ ಮೇಲೆ ಈ ತೋಟದಲ್ಲಿ ಒತ್ತುತ್ತಿದ್ದಾರೆ ಎನಿಸಿ ನನಗೆ ಹೆದರಿಕೆಯೂ ಆಯಿತು, ಹೇಳಲಾಗದಷ್ಟು ಸಂತೋಷವೂ ಆಯಿತು. ಕಣ್ಣೀರು ನಿಲ್ಲಲಿಲ್ಲ.

"ಉಸ್ತಾದ್," ಎಂದೆ.

ಕೈ ಬೆನ್ನ ಮೇಲೆಯೇ ನಿಂತಿತು. ನಾನು ಹೊರಳಿ ನೋಡಿದೆ.

ಭೀಮಶಾ ನಿಂತಿದ್ದ. ಊರ ಹೊರಗಿನ ಕೇರಿಯವನು, ಆ ತೋಟ ಕಾಯುವವನು. ಮೊದಲು ಕಲಬುರಗಿಗೆ ಬಾಳೆಗೊನೆ ತಂದಾಗಲೆಲ್ಲ ತಾಲೀಮಿನಲ್ಲಿ ಉಳಿದುಕೊಳ್ಳುತ್ತಿದ್ದ, ಅಖಾಡದ ಮಣ್ಣು ಹದ ಮಾಡುತ್ತಿದ್ದ. ನಾನು ಅವನನ್ನು ದಿನಗಟ್ಟಲೆ ನೋಡಿದ್ದೆ, ಆದರೆ ಅವನೂ ಕಲಿಯುತ್ತಿದ್ದಾನೆ ಎಂದು ನನ್ನ ತಲೆಗೆ ಬಂದಿರಲಿಲ್ಲ. ಶಿಷ್ಯ ನಾನೊಬ್ಬನೇ ಎಂದುಕೊಂಡಿದ್ದೆ.

"ನೀವು ನೋಡಬಾರದಿತ್ರಿ," ಎಂದ. "ಯಾರೂ ನೋಡಲ್ಲ. ನಾ ಮುಟ್ಟೀನಂದ್ರ ಅವರಿಗಿ ಮನ್ಯಾಗ ಒಳಗ ತಗೊಳ್ಳಲ್ಲ. ನೋಡಲಿಲ್ಲಂದ್ರ ಮುಟ್ಟಿಲ್ಲಂತ ಲೆಕ್ಕ."

ನಾನು ಅವನ ಕೈ ಹಿಡಿದು ನೋಡಿದೆ. ಹೆಬ್ಬೆರಳು ಪೂರಾ ಇತ್ತು. ಒತ್ತುವಾಗ ಅದನ್ನು ಮಡಚಿ ಗೆಣ್ಣಿನಿಂದ ಒತ್ತುತ್ತಿದ್ದ. ಯಾಕೆ ಹೀಗೆ ಎಂದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ಹಿಂಗೇ ಒತ್ತತಿದ್ರಲ್ರಿ. ನೋಡಿ ಕಲ್ತೀನಿ. ನೀವೂ ಹಿಂಗೇ ಒತ್ತತೀರಿ," ಎಂದ.

ಇಲ್ಲ ಎಂದೆ. ಅವನು ತನ್ನ ಮುಂಗೈ ಚಾಚಿದ. ಒತ್ತಿದೆ. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಮಡಚಿಕೊಂಡಿತ್ತು. ಇಷ್ಟು ವರ್ಷ ನಾನು ಒತ್ತಿದ ಬೆನ್ನುಗಳು ಆ ಗುರುತನ್ನು ಹೊತ್ತುಕೊಂಡೇ ತಮ್ಮ ಊರುಗಳಿಗೆ ಹೋಗಿದ್ದವು. ಇಲ್ಲದ ಬೆರಳನ್ನು ನಾವಿಬ್ಬರೂ ಪಾಠ ಎಂದು ಕಲಿತಿದ್ದೆವು. ಆ ಮಸಕು ಬೆಳಕಿನಲ್ಲಿ ನನ್ನ ಕೈ ನನಗೇ ಬೇರೆಯವರದಾಗಿ ಕಂಡಿತು.

"ಅವರೆಲ್ಲಿ ಭೀಮಶಾ?"

ಅವನು ಗುಡಿಸಲ ಹಿಂದೆ ಕರೆದುಕೊಂಡು ಹೋದ. ಆ ದಿನ ಯಾರೋ ದಾರಿಯಲ್ಲಿ ಹೊಡೆದಿದ್ದರು. ಉಸ್ತಾದರು ಹೇಗೋ ತೋಟದವರೆಗೆ ಬಂದು ಬಿದ್ದರಂತೆ. "ಯಾರಂತ ಕೇಳ್ದೆ. 'ಮಾರಿ ನೋಡಿಲ್ಲ, ಬೆನ್ನಾಗ ಹೊಡದ್ರು,' ಅಂದ್ರು. ನೀರ ಕುಡದ್ರು. ಬೆಳಕ ಹರಿಯೂದ್ರಾಗ ಹೋದ್ರು. ಹೇಳಿದ್ರ ನನ್ನೇ ಹಿಡಿತಾರಂತ ಅಂಜಿದೆ ಶರಣಪ್ಪನೋರಾ. ನಮಾಜಿಂದು ನಂಗೇನೂ ಬರಲ್ಲ. ಕೈಯಿಂದ ಮಣ್ಣ ಮಾಡೀನಿ ಅಷ್ಟೇ." ಅಲ್ಲಿ ಗೋರಿಗೆ ಕಲ್ಲು ಇರಲಿಲ್ಲ. ಒಂದು ಕೆಂಪು ಬಾಳೆ ನೆಟ್ಟಿದ್ದ. ಅದರ ಬುಡದ ಮಣ್ಣನ್ನು ಅಖಾಡದ ಮಣ್ಣಿನ ಹಾಗೆ ಮೆತ್ತಗೆ ಹದ ಮಾಡಿಟ್ಟಿದ್ದ.

ಕಲಬುರಗಿಗೆ ಬಂದು ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪರದೆಯ ಆಚೆ ಬಳೆ ಸದ್ದಾಗಲಿಲ್ಲ. ಅಮ್ಮ, "ಆ ಕೈ ನಿನ್ನ ಬೆನ್ನ ಮ್ಯಾಲ ಬಿದ್ದಾಗ ಹೆಂಗಿತ್ತು?" ಎಂದು ಕೇಳಿದರು. ಅವರದೇ ಇತ್ತು ಅಮ್ಮಾ ಎಂದೆ. "ಹಂಗಾರ ನಂಗೂ ಒಮ್ಮಿ ಕರಕೊಂಡು ಹೋಗು," ಎಂದರು.

ತಮ್ಮ ಬೇಡವೆಂದ, ಅಮ್ಮ ಕೇಳಲಿಲ್ಲ. ಶನಿವಾರ ಹೊರಟದ್ದು ಹೈದರಾಬಾದಿನ ರೈಲಿಗಲ್ಲ, ಕಮಲಾಪುರಕ್ಕೆ. ಗೋರಿಯ ಹತ್ತಿರ ಓದಬೇಕಾದದ್ದನ್ನು ಅಮ್ಮನ ತಮ್ಮ ಓದಿದ. ಆಮೇಲೆ ಅಮ್ಮ ಬುರ್ಖಾದ ಮೇಲೆ ಒಂದು ದಪ್ಪ ಕೌದಿ ಹೊದ್ದು, ಗುಡಿಸಲ ಮುಂದೆ ಬಂದು ಆ ಕಲ್ಲಿನ ಮೇಲೆ ಬೆನ್ನು ಮಾಡಿ ಕೂತರು. "ಒತ್ತಪಾ," ಎಂದರು.

ಭೀಮಶಾ ಎರಡು ಹೆಜ್ಜೆ ಹಿಂದೆ ಸರಿದ. "ನಾ ಮುಟ್ಟಬೌದೇನ್ರಿ ಅಮ್ಮಾ?"

"ಅವರಿಗಿ ಮಣ್ಣ ಕೊಟ್ಟ ಕೈ ಅದು. ಮುಟ್ಟು."

ಅವನು ಎರಡು ಸಲ ತಟ್ಟಿದ. ಕೌದಿಯ ಮೇಲಿನಿಂದ ಮಣಿ ಮಣಿ ಇಳಿದ. ನಿಂತ, ಉಸಿರು ಬಿಡುವುದನ್ನು ಕಾದ. ಅಮ್ಮ ಉಸಿರು ಬಿಡಲಿಲ್ಲ, ಹಿಡಿದೇ ಇದ್ದರು. ಅವನು ಕಾಯುತ್ತಲೇ ಇದ್ದ. ಕಡೆಗೆ ಆ ಉಸಿರು ಹೊರಗೆ ಬಂದಾಗ ಅದರ ಹಿಂದೆ ಅಳು ಬಂತು. ಉಸ್ತಾದರು ಹೋದಂದಿನಿಂದ ಒಳಗೆ ಕಟ್ಟಿಕೊಂಡದ್ದೆಲ್ಲ ಬಂತು. ಅಮ್ಮನ ತಮ್ಮ ಬಾಳೆಗಳ ಕಡೆ ತಿರುಗಿ ನಿಂತ.

ಅತ್ತು ಮುಗಿದ ಮೇಲೆ ಅವರು ಬಳೆಗಳನ್ನು ಒಡೆಯಲಿಲ್ಲ. ಒಂದೊಂದಾಗಿ ಕಳಚಿ, ಗುಡಿಸಲ ಹಿಂದೆ ಹೋಗಿ ಗೋರಿಯ ಮಣ್ಣಿನೊಳಗೆ ಒತ್ತಿದರು. ಆಮೇಲೆ ನಮ್ಮಿಬ್ಬರನ್ನೂ ಹತ್ತಿರ ಕರೆದು ಬಲಗೈ ತೋರಿಸಲು ಹೇಳಿದರು. ಬುರ್ಖಾದ ಮುಖದ ಜಾಳಿಗೆಯ ಹಿಂದಿನಿಂದ ಬಹಳ ಹೊತ್ತು ನೋಡಿದರು.

"ನಿಮ್ಮ ಹೆಬ್ಬೆಟ್ಟು ನೆಟ್ಟಗದಾವ," ಎಂದರು. "ಇನ್ನ ಬಿಚ್ಚಿ ಒತ್ರಿ. ಅವರು ಹೋಗ್ಯಾರ."

ತಮ್ಮನ ಕೈ ಹಿಡಿದು ಬಂಡಿ ಹತ್ತಿ ಹೈದರಾಬಾದಿಗೆ ಹೋದರು. ಮತ್ತೆ ಈ ಕಡೆ ಬರಲಿಲ್ಲ. ಅವರ ಮಾತಿನಂತೆ ನಾನು ಎಷ್ಟೋ ವರ್ಷ ಪ್ರಯತ್ನ ಮಾಡಿದೆ. ಬೆನ್ನ ಮೇಲೆ ಕೈ ಇಡುವವರೆಗೆ ಹೆಬ್ಬೆರಳು ನೆಟ್ಟಗೆ ಇರುತ್ತಿತ್ತು, ಇಟ್ಟ ಮೇಲೆ ನನ್ನ ಕೈ ಆ ಮಾತನ್ನು ಒಂದು ದಿನವೂ ಕೇಳಲಿಲ್ಲ.